ಗೊತ್ತಿಲ್ಲದ ಕೈ

ಆಡಳಿತ ಮಂಡಳಿಯ ಅಧ್ಯಕ್ಷರೇ, ದೂರದಿಂದ ದಯಮಾಡಿಸಿರುವ ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ನಿರ್ದೇಶಕಿಯವರೇ, ಅವರ ಮನೆಯವರೇ, ನನ್ನ ಸಹೋದ್ಯೋಗಿಗಳೇ, ಮತ್ತು ಚಹಾ ಎಷ್ಟು ಹೊತ್ತಿಗೆ ಎಂದು ಆಗಲೇ ಪಿಸುಗುಟ್ಟುತ್ತಿರುವ ಹಿಂದಿನ ಸಾಲಿನ ಸಭಿಕರೇ,

ಚಹಾ ಐದೂವರೆಗೆ. ಅಲ್ಲಿಯವರೆಗೆ ನಾನು.

ನಾನೀಗ ಹೇಳುವ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕೇಂದ್ರದ ಬಡಗಿ. ಹೇಳಿದ್ದು ಹೋದ ಸೋಮವಾರ, ಊಟದ ಬಿಡುವಿನಲ್ಲಿ, ಅವರ ಕೋಣೆಯಲ್ಲಿ. ಅವರು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಈಗ ತಲೆ ತಗ್ಗಿಸಿದ್ದಾರೆ. ತಲೆ ಎತ್ತಿ ಬಡಗಿಯವರೇ, ತಪ್ಪು ನಿಮ್ಮದಲ್ಲ.

ಕತೆಗೆ ಮೊದಲು ಎರಡು ಮಾತು. ಅತಿಥಿಗಳಿಗೆ ನಮ್ಮ ಕೆಲಸ ಹೊಸದಿರಬಹುದು. ಈ ಸೀಮೆಯಲ್ಲಿ ಎಲ್ಲೆಲ್ಲಿ ಚಿತ್ರಕ್ಕೆ ಮಸಿ ಹಿಡಿದಿದೆಯೋ, ಮರದ ಗೊಂಬೆಗೆ ಹುಳ ಹೊಕ್ಕಿದೆಯೋ, ಹಳೆಯ ಪುಸ್ತಕ ನೆನೆದು ಮುದ್ದೆಯಾಗಿದೆಯೋ, ಅವೆಲ್ಲ ಇಲ್ಲಿಗೆ ಬರುತ್ತವೆ. ನಾವು ಒರೆಸುತ್ತೇವೆ, ಅಂಟಿಸುತ್ತೇವೆ, ಕಾಯುತ್ತೇವೆ. ಕಾಯುವುದೇ ಹೆಚ್ಚು. ನಮಗಿರುವುದು ಎರಡೇ ನಿಯಮ. ಇಲ್ಲದ್ದನ್ನು ನಾವು ಹುಟ್ಟಿಸಬಾರದು. ನಾವು ಹಚ್ಚಿದ್ದನ್ನು ನಾಳೆ ಬೇರೊಬ್ಬರು ತೆಗೆಯಲು ಬರಬೇಕು. ಎರಡನೆಯ ನಿಯಮವನ್ನು ನಾನು ಯಾವತ್ತೂ ಮುರಿದಿಲ್ಲ. ಮೊದಲನೆಯದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿರ್ದೇಶಕಿಯವರೂ ನಾನೂ ಇಲ್ಲಿ ಕೆಲಸಕ್ಕೆ ಸೇರಿದ್ದು ಒಂದೇ ದಿನ, ಮೂವತ್ತೊಂದು ವರ್ಷದ ಹಿಂದೆ. ಅವರು ಹತ್ತು ನಿಮಿಷ ಮೊದಲು ಬಂದು ಕಿಟಕಿ ಪಕ್ಕದ ಮೇಜು ಹಿಡಿದರು. ನನಗೆ ಕಂಬದ ಪಕ್ಕದ್ದು ಸಿಕ್ಕಿತು. ಅದಕ್ಕಾಗಿ ಬೇಸರವಿದೆಯೇ? ಇಲ್ಲ. ಮೂವತ್ತೊಂದು ವರ್ಷದಲ್ಲಿ ಆ ಕಿಟಕಿಯ ಬೆಳಕಿನ ಬಗ್ಗೆ ನಾನು ಒಂದು ಮಾತು ಆಡಿದ್ದೇನೆಯೇ? ಒಂದೇ ಒಂದು? ಈಗ ಆಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅವರು ವಿಜ್ಞಾನ ಓದಿ ಬಂದವರು. ಏನನ್ನೇ ಆಗಲಿ ಮಸೂರವಿಟ್ಟು ನೋಡದೆ ನಂಬದವರು. ಅದಕ್ಕೇ ಅವರಿಗೆ ಭೂತಗನ್ನಡಿ ಎಂಬ ಹೆಸರು ಬಿತ್ತು. ಇಟ್ಟವನು ನಾನೇ. ನಾನು ಹಳ್ಳಿಯವನು. ನನ್ನಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಆದ್ದರಿಂದ ನಾನು ಬೋರ್ಡು ಸಾರ್. ಇಟ್ಟವರು ಯಾರೆಂದು ಇವತ್ತಿಗೂ ಗೊತ್ತಿಲ್ಲ, ಆದರೆ ಆ ದಿನ ನಿರ್ದೇಶಕಿಯವರು ಬಹಳ ನಗುತ್ತಿದ್ದರು.

ನಮ್ಮ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ಚಿತ್ರದ ಮೇಲಿನ ಕೊಳೆ ತೆಗೆಯಲು ಜಗತ್ತಿನಲ್ಲಿ ಎಷ್ಟೋ ದ್ರಾವಣಗಳಿವೆ. ಆದರೆ ಎಷ್ಟೋ ಸಲ ಅವೆಲ್ಲಕ್ಕಿಂತ ವಾಸಿಯಾದದ್ದು ಮನುಷ್ಯರ ಎಂಜಲು. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಗಿಸಿ, ಮೆಲ್ಲಗೆ ಉರುಳಿಸಬೇಕು. ಅತಿಥಿಗಳು ಕರವಸ್ತ್ರ ತೆಗೆಯುತ್ತಿದ್ದಾರೆ, ಪರವಾಗಿಲ್ಲ. ನಾವು ಸೇರಿದ ವರ್ಷ ಒಂದು ನದೀತೀರದ ಚಿತ್ರ ಬಂತು. ಹೊಗೆ ಹಿಡಿದು ಕಾವಲಿಯಂತಾಗಿತ್ತು. ಎಡ ಅರ್ಧ ಅವರಿಗೆ, ಬಲ ಅರ್ಧ ನನಗೆ. ಮೂರು ವಾರದ ಮೇಲೆ ಅಂದಿನ ನಿರ್ದೇಶಕರು ಬಂದು ನೋಡಿದರು. ಎಡಗಡೆ ಬೆಳಗಾಗಿತ್ತು. ಬಲಗಡೆ ಇನ್ನೂ ಮೋಡ. "ಏನಪ್ಪಾ, ನಿನ್ನ ಬಾಯಲ್ಲಿ ಏನಾದ್ರೂ ತೊಂದ್ರೆ ಇದೆಯಾ?" ಎಂದರು. ಭೂತಗನ್ನಡಿ ಆ ಕಡೆಯಿಂದ, "ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕ್ಕೊಳ್ತಾರೆ ಸಾರ್, ಅಂಟಾಗಿದೆ" ಎಂದರು. ಅವತ್ತಿನಿಂದ ನಾನು ಸಕ್ಕರೆ ಬಿಟ್ಟೆ. ವೈದ್ಯರು ಹೇಳಿದರು ಎಂದು ಹೆಂಡತಿಗೆ ಹೇಳಿದೆ. ಸಭಿಕರೇ, ಒಬ್ಬ ಗಂಡಸು ಇನ್ನೊಬ್ಬರ ಜಾಣತನಕ್ಕೆ ಕರುಬುವುದನ್ನು ನೀವು ಕೇಳಿದ್ದೀರಿ, ಆಸ್ತಿಗೆ ಕರುಬುವುದನ್ನು ಕೇಳಿದ್ದೀರಿ. ಎಂಜಲಿಗೆ ಕರುಬಿದವನನ್ನು ಇವತ್ತು ಕಣ್ಣಾರೆ ನೋಡಿ.

ಈಗ ಕತೆ. ಇಪ್ಪತ್ತಾರು ವರ್ಷದ ಹಿಂದೆ ನಮ್ಮಲ್ಲಿಗೆ ಒಂದು ದೊಡ್ಡ ಚಿತ್ರ ಬಂತು. ಊಟದ ಮೇಜಿನ ಸುತ್ತ ಏಳು ಜನರ ಒಂದು ಕುಟುಂಬ. ಬರೆದವರು ಸತ್ತು ನೂರು ವರ್ಷವಾಗಿತ್ತು. ಗೋಡೆಯ ತೇವ ತಗುಲಿ ಮೂಲೆಯಲ್ಲಿ ಕೂತಿದ್ದ ಮುದುಕಿಯ ಮುಖ ಪೂರ್ತಿ ಉದುರಿಹೋಗಿತ್ತು. ಸೆರಗು ಇತ್ತು, ಕೈಯಲ್ಲಿ ಬಟ್ಟಲು ಇತ್ತು, ಮುಖವಿರಲಿಲ್ಲ. ಆ ಜಾಗಕ್ಕೆ ಬರೀ ಮಣ್ಣುಬಣ್ಣ ಬಳಿದು ಬಿಡಬೇಕು. ಅದು ನಿಯಮ. ಅಲ್ಲಿ ಏನಿತ್ತೋ ನಮಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ.

ನಾನು ಬೋರ್ಡು ಬರೆಯುವವನ ಮಗ. ಖಾಲಿ ಜಾಗ ಬಿಟ್ಟರೆ ನನ್ನಪ್ಪ ಕುಂಚದ ಹಿಡಿಯಿಂದ ತಲೆಗೆ ಮೊಟಕುತ್ತಿದ್ದರು. ಎಲ್ಲರೂ ಊಟ ಮಾಡುತ್ತಿದ್ದಾರೆ, ಇವಳೊಬ್ಬಳಿಗೆ ಬಾಯಿಲ್ಲ. ಹನ್ನೆರಡು ದಿನ ನೋಡಿದೆ. ಹದಿಮೂರನೆಯ ದಿನ, ಎಲ್ಲರೂ ಊಟಕ್ಕೆ ಹೋದಾಗ, ಕುಂಚ ಹಿಡಿದೆ. ಆರು ಮಧ್ಯಾಹ್ನ ಬರೆದೆ. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲೂ ಬರೆದಿಲ್ಲ, ಆಮೇಲೂ ಬರೆದಿಲ್ಲ. ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದಾರೆ. ಹೌದು ಸಾರ್. ಇದೇ ಕೇಂದ್ರದಲ್ಲಿ, ಇದೇ ಕೈಯಿಂದ.

ಮರುವಾರ ನನ್ನಪ್ಪ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಇಪ್ಪತ್ತು ದಿನ ರಜೆ ಹಾಕಿ ಊರಿಗೆ ಹೋದೆ. ತಿರುಗಿ ಬಂದು ನೋಡುತ್ತೇನೆ, ಮುಖವಿಲ್ಲ. ಮಣ್ಣುಬಣ್ಣ. ಎದುರು ಮೇಜಿನಲ್ಲಿ ಭೂತಗನ್ನಡಿ ತಲೆ ತಗ್ಗಿಸಿ ಯಾವುದೋ ಚೌಕಟ್ಟಿನ ಧೂಳು ಹೊಡೆಯುತ್ತಿದ್ದರು. "ಅಪ್ಪ ಹೇಗಿದ್ದಾರೆ?" ಎಂದರು. "ಪರವಾಗಿಲ್ಲ" ಎಂದೆ. ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಆ ಮುಖದ ಬಗ್ಗೆ ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ. ಇವರು ನನ್ನನ್ನು ಹಿಡಿದುಕೊಟ್ಟಿದ್ದಾರೆ, ಇವತ್ತು ಕರೆ ಬರುತ್ತದೆ, ನಾಳೆ ಬರುತ್ತದೆ ಎಂದು ಒಂದು ತಿಂಗಳು ಕಾದು ಕೂತೆ. ಕರೆ ಬರಲೇ ಇಲ್ಲ. ಮುಂದೆ ಅವರು ಮೇಲೇರಿದರು, ಒಂಬತ್ತು ವರ್ಷದ ಹಿಂದೆ ನಿರ್ದೇಶಕಿಯಾದರು. ನಾನು ಕಂಬದ ಪಕ್ಕದಲ್ಲೇ ಉಳಿದೆ.

ಇದರ ಜೊತೆಗೆ ಇನ್ನೊಂದು. ಪ್ರತಿ ವರ್ಷ ತರಬೇತಿಗೆ ಬರುವವರಿಗೆ ಅವರು ಒಂದು ಪಾಠ ಮಾಡುತ್ತಾರೆ. ಪಾಠದ ಹೆಸರು "ಗೊತ್ತಿಲ್ಲದ ಕೈ". ನಾನು ಒಮ್ಮೆಯೂ ಹೋಗಿಲ್ಲ. ಯಾಕೆ ಹೋಗಲಿ? ಹೋದವರು ಹೊರಗೆ ಬಂದು ಹೇಳುವುದು ಸಾಕಾಗಿತ್ತು. ಹಿಂದೆ ಯಾರೋ ಒಬ್ಬ, ಹೆಸರು ಗೊತ್ತಿಲ್ಲ, ಮಾಡಬಾರದ್ದನ್ನು ಮಾಡಿದನಂತೆ, ಆದರೆ ಅಂಥ ಕೈ ಮೇಡಂ ಇನ್ನೊಂದು ನೋಡಿಲ್ಲವಂತೆ. ನನ್ನ ಕೆಲಸ ನೋಡಿ ಮೂವತ್ತೊಂದು ವರ್ಷದಲ್ಲಿ "ಹೂಂ" ಎನ್ನುವುದಕ್ಕಿಂತ ಉದ್ದದ ಮಾತು ಆಡದವರು, ಯಾವನೋ ಸತ್ತವನನ್ನು ವರ್ಷವರ್ಷವೂ ಹೊಗಳುತ್ತಾರೆ! ನಾನು ಅವನಿಗೂ ಕರುಬಿದೆ. ಅವನ ಎದುರು ನಿಲ್ಲುವಂತಿಲ್ಲ, ಜಗಳ ಆಡುವಂತಿಲ್ಲ. ಮನೆಯಲ್ಲಿ ಹೆಂಡತಿ, "ಯಾರ ಮೇಲೆ ಹಲ್ಲು ಕಡೀತಿದ್ದೀರಿ?" ಎಂದು ಕೇಳಿದರೆ ಹೇಳಲು ಒಂದು ಹೆಸರೂ ಇರಲಿಲ್ಲ.

ಹೋದ ಸೋಮವಾರ ಬಡಗಿಯವರ ಕೋಣೆಗೆ ಹೋದೆ. ಈ ಭಾಷಣ ಬರೆಯುವ ಕಾಗದದ ಅಡಿಗೆ ಒಂದು ರಟ್ಟು ಬೇಕಿತ್ತು. ಮೇಜಿನ ಮೇಲೆ ಒಂದು ಹೊಸ ಚೌಕಟ್ಟು. ಒಳಗೆ ಒಂದು ಫೋಟೋ. ಫೋಟೋದಲ್ಲಿ ನಾನು ಬರೆದ ಮುಖ.

"ಇದೇನು?" ಎಂದೆ.

"ಮೇಡಂ ಮನೆಗೆ ತಗೊಂಡು ಹೋಗ್ತಾರಂತೆ ಸಾರ್. ಇಷ್ಟು ವರ್ಷ ಇಲ್ಲಿದ್ರಲ್ಲ, ನಿಮಗೇನು ಬೇಕು ಅಂತ ಆಫೀಸಿನವ್ರು ಕೇಳಿದ್ರೆ, ಆ ಊಟದ ಚಿತ್ರದ ಫೈಲಲ್ಲಿರೋ ಫೋಟೋದ ಒಂದು ಪ್ರತಿ ಸಾಕು ಅಂದ್ರಂತೆ."

"ಇದನ್ನ ಬರೆದವರು ಯಾರು ಅಂತ ಗೊತ್ತಾ?"

ಬಡಗಿ ಉಳಿ ಕೆಳಗಿಟ್ಟರು. "ನನಗೆ ಗೊತ್ತು, ನಿಮಗೆ ಗೊತ್ತು, ಮೇಡಮ್ಮಿಗೂ ಗೊತ್ತು. ಈ ವಾರ ಅವ್ರೇ ಹೋಗ್ತಾರೆ, ಇನ್ನೇನು ಮುಚ್ಚಿಡೋದು. ನೀವು ರಜೆಯಲ್ಲಿದ್ದಾಗ ನೀಲಿ ದೀಪ ಹಿಡಿದುಕೊಂಡು ನಿಂತಿದ್ದವನು ನಾನೇ ಸಾರ್."

ನೀಲಿ ದೀಪವೆಂದರೆ, ಕತ್ತಲೆ ಕೋಣೆಯಲ್ಲಿ ಅದನ್ನು ಹಿಡಿದರೆ ಹಳೆಯ ಬಣ್ಣ ಮಿನುಗುತ್ತದೆ, ಹೊಸದಾಗಿ ಹಚ್ಚಿದ್ದು ಕಪ್ಪಾಗಿ ಕಾಣುತ್ತದೆ. ಸುಳ್ಳು ಹೇಳಲು ಬಿಡದ ದೀಪ. ಬಡಗಿ ಹೇಳಿದರು: "ಆರು ಜನ ಚೆನ್ನಾಗಿ ಹೊಳೀತಿದ್ರು. ಅಜ್ಜಿ ಮುಖ ಮಾತ್ರ ಮಸಿಯ ಹಾಗೆ. ಆಗಿನ ದೊಡ್ಡ ಸಾಹೇಬ್ರು ಆ ಚಿತ್ರ ನೋಡಿದ್ದೇ ಅವತ್ತು ಮೊದಲು, ಯಾರಮ್ಮಾ ಇದನ್ನ ಮಾಡಿದ್ದು, ನಮ್ಮವರಾದ್ರೆ ಇವತ್ತೇ ಮನೆಗೆ ಕಳಿಸ್ತೀನಿ ಅಂದ್ರು. ಮೇಡಂ ಮಸೂರ ಇಟ್ಟು ಇನ್ನೊಮ್ಮೆ ನೋಡಿದ್ರು. ಆಮೇಲೆ, ನಮ್ಮವರಲ್ಲ ಸಾರ್, ಹಿಂದೆ ಯಾರೋ ಮಾಡಿದ್ದು, ಗೊತ್ತಿಲ್ಲದ ಕೈ ಅಂದ್ರು. ಹಾಗಂತ ಫೈಲಲ್ಲೂ ಬರೆದು, ಆ ಮುಖದ ಒಂದು ಫೋಟೋ ತೆಗೆಸಿ ಅಂಟಿಸಿದ್ರು. ಆಮೇಲೆ ಬಾಗಿಲು ಹಾಕ್ಕೊಂಡು ಒಬ್ಬರೇ ಅಳಿಸಿದ್ರು. ಎರಡು ದಿನ ಸಾರ್. ಅರ್ಧ ಗಂಟೆ ಕೆಲಸಕ್ಕೆ ಎರಡು ದಿನ."

ಸಭಿಕರೇ, ಇದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂದಿರಬೇಕು ಎಂದುಕೊಂಡಿರಿ ಅಲ್ಲವೇ? ಬರಲಿಲ್ಲ. ಮೈಯೆಲ್ಲ ಉರಿಯಿತು. ನನ್ನ ಕೆಲಸ ಉಳಿಸಿದರು, ಸರಿ. ಇಪ್ಪತ್ತಾರು ವರ್ಷ ಅದನ್ನು ಎತ್ತಿ ಆಡಲಿಲ್ಲ, ಸರಿ. ದೊಡ್ಡತನದಲ್ಲೂ ಅವರೇ ಮುಂದೆ! ನಾನು ಎಲ್ಲಿ ಗೆಲ್ಲಲಿ? ಜೀವಮಾನದಲ್ಲಿ ಒಂದು ಮುಖ ಬರೆದೆ, ಅದರ ಹೊಗಳಿಕೆಯನ್ನೆಲ್ಲ ಗೊತ್ತಿಲ್ಲದವನು ತಿಂದುಬಿಟ್ಟ. ಇಷ್ಟು ವರ್ಷ ನಾನು ಹೊಟ್ಟೆ ಉರಿದುಕೊಂಡದ್ದು ನನ್ನ ಮೇಲೆಯೇ.

ಮತ್ತೆ, ಅದು ಬರೀ ಒಂದು ಮುಖವೂ ಅಲ್ಲ. ಇದನ್ನು ಹೇಳಬೇಕೆಂದಿರಲಿಲ್ಲ. ಅದು ನಮ್ಮಜ್ಜಿ. ಅಪ್ಪನ ತಾಯಿ. ಬತ್ತಿ ಹೊಸೆಯುತ್ತಾ, ಬಾಯಿ ಒಂದು ಕಡೆ ಓರೆ ಮಾಡಿಕೊಂಡು ನಮಗೆಲ್ಲ ಕತೆ ಹೇಳುತ್ತಿದ್ದಳು. ನಾನು ನಾಲ್ಕು ಜನರೆದುರು ಬಾಯಿ ಬಿಡುತ್ತೇನೆ ಎಂದರೆ ಅದು ಅವಳಿಂದ ಬಂದದ್ದು. ಅವಳು ಒಂದು ಫೋಟೋ ಕೂಡ ತೆಗೆಸಿಕೊಳ್ಳದೆ ಹೋದಳು. ಈ ಭೂಮಿಯ ಮೇಲೆ ಅವಳ ಮುಖ ಉಳಿದಿರುವುದು ಆ ಫೈಲಿನಲ್ಲಿ ಒಂದು, ಆ ಚೌಕಟ್ಟಿನಲ್ಲಿ ಒಂದು. ಈಗ ಹೇಳಿ, ನಮ್ಮಜ್ಜಿಯನ್ನು ಇವರು ತಮ್ಮ ಮನೆಗೆ ಕರೆದುಕೊಂಡು ಹೋದರೆ ನನಗೆ ಹೇಗಾಗಬೇಡ?

ನಾಳೆಯಿಂದ ನಿರ್ದೇಶಕರ ಕುರ್ಚಿ ನನಗೆ ಎಂದು ಮಂಡಳಿ ತೀರ್ಮಾನಿಸಿದೆ. ನಾನು ನಿವೃತ್ತನಾಗುವವರೆಗೆ, ಹನ್ನೊಂದು ತಿಂಗಳು. ಕಿಟಕಿಯ ಪಕ್ಕದ್ದು. ಸುಮ್ಮನಿದ್ದರೆ ಸಿಗುತ್ತಿತ್ತು. ಈಗ ಅಧ್ಯಕ್ಷರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಆದರೆ ಫೈಲು ಇಲ್ಲಿ ತಂದಿದ್ದೇನೆ, ಪೆನ್ನೂ ತಂದಿದ್ದೇನೆ. ಮೇಡಂ, ನಿಮ್ಮ ಸಹಿ ನಡೆಯುವುದು ಇವತ್ತು ಐದೂವರೆಯವರೆಗೆ. ಈಗ ಐದೂ ಇಪ್ಪತ್ತು. "ಗೊತ್ತಿಲ್ಲದ ಕೈ" ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಹೆಸರು ಬರೆದು ಸಹಿ ಮಾಡಿ. ತಪ್ಪು ಎಂದೇ ಬರೆಯಿರಿ, ನನಗೆ ಅಡ್ಡಿಯಿಲ್ಲ. ನನ್ನದು ಎಂದು ಬರೆಯಿರಿ.

ಅಜ್ಜಿಯನ್ನು ಕರೆದುಕೊಂಡು ಹೋಗಿ. ಆದರೆ ಬಾಗಿಲು ಕಾಣುವ ಹಾಗೆ ತೂಗುಹಾಕಿ. ಮನೆಗೆ ಯಾರು ಬಂದರು, ಯಾರು ಹೋದರು ಎಂಬುದು ತಿಳಿಯದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಈ ಕತೆಯನ್ನು ನಿನ್ನೆ ಸಂಜೆ ತರಬೇತಿಯ ನಾಲ್ವರು ಹುಡುಗಿಯರ ಮುಂದೆ ಒಮ್ಮೆ ಹೇಳಿ ನೋಡಿದೆ. ಸಭೆಯಲ್ಲಿ ತಡವರಿಸಬಾರದಲ್ಲ. ಬಾಯಿ ಬಿಟ್ಟುಕೊಂಡು ಕೇಳಿದರು, ಒಬ್ಬಳು ಮೂಗು ಒರೆಸಿಕೊಂಡಳು. ಮನಸ್ಸಿಗೆ ಹಿತವಾಯಿತು. ಇವತ್ತು ಬೆಳಿಗ್ಗೆ ಬೇಗ ಬಂದು ನೋಡುತ್ತೇನೆ, ಕತ್ತಲೆ ಕೋಣೆಯ ಬಾಗಿಲು ಹಾಕಿದೆ. ತಳ್ಳಿ ನೋಡಿದರೆ ಒಳಗೆ ನಾಲ್ವರೂ ನೀಲಿ ದೀಪ ಹಿಡಿದು, ಇಲ್ಲಿಯವರೆಗೆ ನಾನು ಕೈಯಾಡಿಸಿದ, ಇನ್ನೂ ಉಗ್ರಾಣದಲ್ಲಿರುವ ಚಿತ್ರಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದೊಂದಾಗಿ ನೋಡುತ್ತಿದ್ದಾರೆ. "ಏನ್ರಮ್ಮಾ ಇದು?" ಎಂದೆ.

"ಇನ್ನೂ ಯಾರಾದ್ರೂ ಅಜ್ಜಿ ಇದ್ದಾರಾ ಅಂತ ನೋಡ್ತಿದ್ವಿ ಸಾರ್" ಎಂದರು.

ಅದು ನಾನು ಕಲಿಸಿದ್ದಲ್ಲ. ಮೇಡಂ ಕಲಿಸಿದ್ದು. ಅದಕ್ಕೂ ನನಗೆ ಹೊಟ್ಟೆಕಿಚ್ಚು.

ಇಷ್ಟು ಹೊತ್ತು ತಾಳಿಕೊಂಡ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಪೆನ್ನು ಇಲ್ಲಿದೆ ಮೇಡಂ. ನಮಸ್ಕಾರ.