ಪರದೆ ಇಳಿಯದ ಅಕ್ಕ

ಮ್ಯಾಟಿನಿ ಬಿಟ್ಟರೂ ಮಳೆ ಬಿಟ್ಟಿರಲಿಲ್ಲ. ಟಾಕೀಸಿನ ಜಗಲಿಯಲ್ಲಿ ಸಿಕ್ಕಿಕೊಂಡ ನಾವು, ಬಾಗಿಲಲ್ಲಿ ಟಿಕೆಟ್ ಹರಿಯುವ ಅಜ್ಜಿಯನ್ನು "ಒಂದು ದೆವ್ವದ ಕತೆ ಹೇಳಜ್ಜಿ" ಎಂದು ಕೆಣಕಿದೆವು. ಅಜ್ಜಿ ಸ್ಟೂಲು ಎಳೆದುಕೊಂಡು ಕೂತಳು.

"ದೆವ್ವ ಅಂತ ಹಗುರಾಗಿ ಅನ್ನಬೇಡಿ, ಅವಳು ನಮ್ಮಕ್ಕ. ಈ ಟಾಕೀಸು ಆಗ ಎಣ್ಣೆ ಗಿರಣಿ. ನಮ್ಮ ಚಿಕ್ಕಪ್ಪ ಎಲ್ಲಿಂದಲೋ ಕ್ಯಾಮೆರಾ ತಂದು, ಈ ಸೀಮೆಗೇ ಮೊದಲನೇ ಪಿಕ್ಚರ್ ತೆಗೀತೀನಿ ಅಂತ ಹೊರಟ... ಮಾತಿಲ್ಲದ ಪಿಕ್ಚರ್ರು, ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ತೆಗೆಯೋದು. ಚಿಕ್ಕಪ್ಪ ಒಮ್ಮೆ ಜೋರಾಗಿ ಒಮ್ಮೆ ನಿಧಾನಕ್ಕೆ ತಿರುಗಿಸಿದರೆ, ಪಿಕ್ಚರಲ್ಲಿ ಕುದುರೆ ಕುಂಟೋದು, ಮುದುಕರು ಓಡೋರು! ಬೀಸೋ ಕಲ್ಲಿಗೆ ಪಳಗಿದ ಅಕ್ಕನ ಕೈಗೆ ಕೊಟ್ಟ ಮೇಲೇ ಅದು ಹದಕ್ಕೆ ಬಂದಿದ್ದು. ಅಷ್ಟೂ ಪಿಕ್ಚರ್ ತಿರುಗಿಸಿದವಳು ಕೇಳಿದ್ದು ಒಂದೇ... 'ಚಿಕ್ಕಪ್ಪ, ನಾನೂ ಒಂದ್ಸಲ ಅದರೊಳಗೆ ಕಾಣಿಸ್ಕೋತೀನಿ.' ಚಿಕ್ಕಪ್ಪ ಒಪ್ಪಿದ. ಕ್ಯಾಮೆರಾ ಮುಂದೆ ಕೊಡ ಹೊತ್ತು ನಡೆದು, ಒಂದು ಸಲ ತಿರುಗಿ ನೋಡಿದ್ಲು. ಅಷ್ಟೇ.

ಅಷ್ಟಕ್ಕೇ ಗಿರಣಿ ಸಾಹುಕಾರ ಕೆಂಡವಾದ. ಜಾಗ ಅವನದು ನೋಡಿ. 'ನಮ್ಮೂರ ಹೆಣ್ಣು ಪರದೆ ಬಟ್ಟೆ ಮೇಲೆ ಮೆರೆಯೋದಾ? ಕತ್ತರಿಸು' ಅಂದ. ಚಿಕ್ಕಪ್ಪ ಹೂಂ ಅಂದ... ಆ ಬಾಯಿಗೆ ಇವತ್ತಿಗೂ ನನ್ನ ಶಾಪ ಇದೆ. ಕತ್ತರಿಸಿದ ತುಂಡುಗಳನ್ನ ಕಸದ ಜೊತೆ ಅಂಗಳದಲ್ಲಿ ಸುಟ್ಟರು. ಆಗಿನ ಫಿಲ್ಮು ಸಿಡಿಮದ್ದಿನ ಹಾಗೆ ಹೊತ್ತಿಕೊಳ್ಳುತ್ತೆ ಅಂತ ಆ ಪೆದ್ದರಿಗೆ ಯಾರು ಹೇಳಬೇಕು? ತನ್ನ ಮುಖ ಎತ್ಕೊಳ್ಳೋಕೆ ಅಂತ ಅಕ್ಕ ಕೈ ಹಾಕಿದ್ಲು... ಸೆರಗು ಹತ್ತಿಕೊಳ್ತು. ನಾವು ನೀರು ತರೋಷ್ಟರಲ್ಲಿ ಎಲ್ಲಾ ಮುಗಿದುಹೋಗಿತ್ತು.

ನಮ್ಮ ಕಣ್ಣೀರು ಆರೋ ಮೊದಲೇ ಗಿರಣಿಯೊಳಗೆ ಕತ್ತಲೆ ಮಾಡಿ, ಗೋಡೆಗೆ ಬಿಳೀ ಬಟ್ಟೆ ಕಟ್ಟಿ ಪಿಕ್ಚರ್ ತೋರಿಸಿದರು. ತೋರಿಸೋ ಮಿಷನ್ನಿಗೂ ಹ್ಯಾಂಡಲ್ಲೇ. ಅರ್ಧಕ್ಕೆ ಬಂತು ನೋಡಿ... ಕೊಡ ಹೊತ್ತು ಅಕ್ಕ ನಡೆದು ಬಂದ್ಲು! ಸಾಹುಕಾರ 'ನಿಲ್ಸೋ!' ಅಂತ ಅರಚಿದ. ಚಿಕ್ಕಪ್ಪ ಕೈ ತೆಗೆದ. ಹ್ಯಾಂಡಲ್ ಮಾತ್ರ ತಿರುಗ್ತಾನೇ ಇತ್ತು... ಹದವಾಗಿ, ಕಲ್ಲು ಬೀಸಿದ ಹಾಗೆ. ಬಟ್ಟೆ ಕಿತ್ತರು, ಗೋಡೆ ಮೇಲೆ ಕಂಡ್ಲು. ಸಾಹುಕಾರ ಅಡ್ಡ ನಿಂತ, ಅವನ ಬಿಳೀ ಅಂಗಿ ಮೇಲೇ ಅಕ್ಕನ ಮುಖ ಬಿತ್ತು! ಅಂಗಿ ಹರಿದೆಸೆದು ಓಡಿದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ನನಗೆ ಹೆದರಿಕೆ ಆಯ್ತಾ ಅಂತೀರಾ? ಯಾಕಾಗಬೇಕು? ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಆಮೇಲೆ ಗಿರಣಿ ಟಾಕೀಸಾಯ್ತು, ಪಿಕ್ಚರ್ರಿಗೆ ಮಾತು ಬಂತು, ಬಣ್ಣ ಬಂತು, ಹೀರೋಗಳು ಎಷ್ಟೋ ಜನ ಬಂದು ಹೋದರು... ಅಕ್ಕ ಹೋಗಲಿಲ್ಲ. ಇವತ್ತು ಆ ಹೊಡೆದಾಟದ ಸೀನಲ್ಲಿ, ಜನರ ಹಿಂದೆ ಒಬ್ಬಳು ಕೊಡ ಹೊತ್ತು ಹೋಗ್ತಾ ತಿರುಗಿ ನಿಮ್ಮನ್ನೇ ನೋಡಿದ್ಲಲ್ಲ? ಇದೇ ಪಿಕ್ಚರ್ ಬೇರೆ ಊರಲ್ಲಿ ನೋಡಿದವರನ್ನ ಕೇಳಿ, ಅಂಥವಳು ಯಾರೂ ಇಲ್ಲವೇ ಇಲ್ಲ ಅಂತಾರೆ... ಅವಳನ್ನ ಈ ಪರದೆಯಿಂದ ಇಳಿಸೋ ಗಂಡು ಇನ್ನೂ ಹುಟ್ಟಿಲ್ಲ, ತಿಳ್ಕೊಳ್ಳಿ!"