ಊರಿನ ತಂಡಕ್ಕೆ ಯಾರು?

ಡೆಟ್ರಾಯ್ಟ್ ನಗರದ ಬಸ್ಸಿನಲ್ಲಿ ಒಡೆಸ್ಸಾ ಕಿಟಕಿಗೆ ಒರಗಿ ಕೂತಿದ್ದಳು. ಬ್ಯಾಸ್ಕೆಟ್‌ಬಾಲ್ ತಂಡಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ದಿನ ನಾಳೆಯೇ. ಮಗ ಜಾರ್ವಿಸ್ ಊರಿನ ತಂಡಕ್ಕೇ ಸಿಕ್ಕಿ ಕಣ್ಣೆದುರಿಗಿರಲಿ ಎಂದು ಅವಳು ವರ್ಷವಿಡೀ ಚರ್ಚಿನಲ್ಲಿ ಬೇಡಿಕೊಂಡಿದ್ದಳು. ಮುಂದಿನ ಸೀಟಿನಲ್ಲಿ ತಂಡದ ಟೋಪಿ ತೊಟ್ಟ ಮುದುಕನೂ ಅವನ ತಂಗಿಯ ಮಗಳು ನಡೀನಳೂ ಅದನ್ನೇ ಮಾತಾಡುತ್ತಿದ್ದರು.

"ಐದನೇ ಸರದಿ ನಮ್ದು, ಮಾವ. ಜಾರ್ವಿಸ್‌ನ ತಗೋಬೇಕು. ನಮ್ಮೂರ ಹುಡುಗ."

"ಮೊಣಕಾಲು ಕೆಟ್ಟಿರೋ ಹುಡುಗ ಅನ್ನು."

"ವಾಸಿಯಾಗಿ ವರ್ಷ ಆಯ್ತು! ಮಾರ್ಚಲ್ಲಿ ಮೂವತ್ತೊಂದು ಪಾಯಿಂಟ್ ಹೊಡೆದಾಗ ನಿನ್ ಕಣ್ಣೆಲ್ಲಿತ್ತು?"

"ಬಾಲ್ ಮೇಲಿತ್ತು. ಆ ಮಹಾರಾಯ ಯಾರಿಗಾದ್ರೂ ಪಾಸ್ ಕೊಡ್ತಾನೇನೋ ಅಂತ ಕಾಯ್ತಾ ಇದ್ದೆ. ನಂಗೆ ಕಾನ್ಸಾಸ್‌ನ ಪ್ರೂಯಿಟ್ ಸಾಕು."

"ಅಯ್ಯೋ, ಆ ದೀಪದ ಕಂಬಾನಾ?"

"ಕಂಬದ ಅಮ್ಮ ಕಾನ್ಸಾಸ್‌ನಲ್ಲಿರ್ತಾಳೆ. ನಮ್ಮ ಬೈಗುಳ ಅಲ್ಲೀವರೆಗೆ ಕೇಳಲ್ಲ. ನಮ್ಮ ತಂಡಕ್ಕೆ ಆಡಿದ ನಮ್ಮೂರ ಹುಡುಗ ಮಾರ್ಲನ್‌ಗೆ ಏನ್ಮಾಡಿದ್ವಿ, ಮರ್ತ್ಯಾ? ಹತ್ತು ಆಟ ಸೋತಿದ್ದಕ್ಕೆ ಛೀ ಥೂ ಅಂತ ಕೂಗಿದ್ವಿ. ಅವರಮ್ಮ ಅಂಗಡಿಗೆ ಬರೋದನ್ನೇ ಬಿಟ್ಟಳು."

"ನೀನೂ ಕೂಗಿದ್ದೆ."

"ಎಲ್ಲರಿಗಿಂತ ಜೋರಾಗಿ."

ಒಡೆಸ್ಸಾ ಕೈಚೀಲವನ್ನು ಎದೆಗೆ ಅವುಚಿಕೊಂಡಳು. ಬಸ್ಸು ನಿಂತಿತು. ಇಳಿಯಲು ಎದ್ದ ನಡೀನ್ ಥಟ್ಟನೆ ಹಿಂತಿರುಗಿದಳು.

"ಅಕ್ಕಾ, ನೀವೇ ಹೇಳಿ. ಜಾರ್ವಿಸ್ಸೋ, ಪ್ರೂಯಿಟ್ಟೋ?"

ಒಡೆಸ್ಸಾ ತಲೆಯೆತ್ತಿ ಅವಳನ್ನು ನೋಡಿದಳು.

"ಪ್ರೂಯಿಟ್‌ನೇ ತಗೊಳ್ಳಿ. ಜಾರ್ವಿಸ್ ಬೇಡ."

"ನೋಡ್ದ್ಯಾ, ಆಟ ಗೊತ್ತಿರೋ ಹೆಂಗಸು!" ಎಂದು ಮುದುಕ ಟೋಪಿ ಎತ್ತಿ ಅವಳಿಗೆ ವಂದಿಸಿ, ನಗುತ್ತಾ ಇಳಿದುಹೋದ.