ಮೂರನೇ ಸಿಲಿಂಡರಿನ ವಾಲ್ವು

ಠಾಣೆಯ ಸಾಹೇಬರೇ, ಗೋಡೆಗೊರಗಿದ ಲಾಠಿಗಳೇ, ಮುಂದೊಂದು ದಿನ ಇದನ್ನು ಓದಿ ಆಕಳಿಸಲಿರುವ ಘನ ನ್ಯಾಯಾಲಯವೇ, ಮೇಲೆ ಹೆಸರು ಬರೆದಿರುವ ನಾನು, ವಯಸ್ಸು ನಲವತ್ತಾರು, ಓದು ಕನ್ನಡ ಮಾಧ್ಯಮದಲ್ಲಿ ಬಿ.ಎ., ಕಸುಬು ಭಾವನ ಗ್ಯಾರೇಜಿನಲ್ಲಿ ಕೆಲಸ, ವಾಸ ಅದೇ ಗ್ಯಾರೇಜಿನ ಮೇಲಿನ ಕೋಣೆ, ಈ ಹೇಳಿಕೆಯಲ್ಲಿ ತಿಳಿಯಪಡಿಸುವುದು ಇಷ್ಟು. ಪ್ರಾಸ ಬೇಡವೆಂದು ಬರೆದುಕೊಳ್ಳುತ್ತಿರುವ ಪೇದೆಯವರು ಎರಡು ಸಲ ಹೇಳಿರುವುದರಿಂದ ಇಲ್ಲಿಂದ ಮುಂದೆ ಬರೀ ಗದ್ಯ.

ಮೊನ್ನೆ ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ ಫಿರ್ಯಾದಿಯು ತಮ್ಮ ಟರ್ಬೊ ಪೆಟ್ರೋಲ್ ಕಾರು ತಂದು, ಎಂಜಿನ್ನು ನಡುಗುತ್ತದೆ, ಎಳೆಯುವುದಿಲ್ಲ ಎಂದರು. ಈ ಜಾತಿಯ ಎಂಜಿನ್ನಿನಲ್ಲಿ ಪೆಟ್ರೋಲು ನೇರ ಸಿಲಿಂಡರಿನೊಳಕ್ಕೇ ಬೀಳುತ್ತದೆ; ಗಾಳಿ ಒಳಬರುವ ವಾಲ್ವುಗಳನ್ನು ತೊಳೆಯುವವರಿಲ್ಲ. ಎಣ್ಣೆಯ ಹಬೆ ಅಲ್ಲೇ ಕೂತು, ಸುಟ್ಟು, ಕರಿ ಕಟ್ಟುತ್ತದೆ. ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ನಾವು ಅದನ್ನು ಉದುರಿಸುತ್ತೇವೆ. ಹೊಡೆಯುವಾಗ ಆ ಸಿಲಿಂಡರಿನ ವಾಲ್ವು ಮುಚ್ಚಿರಬೇಕು. ಇಲ್ಲದಿದ್ದರೆ ಪುಡಿ ಒಳಗೆ ಹೋಗಿ ಎಂಜಿನ್ನು ಹಾಳಾಗುತ್ತದೆ.

ಭಾವನ ಕಣ್ಣಿಗೆ ಪೊರೆ ಬಂದಿದೆ. ಗಿರಾಕಿಗಳಿಗೆ ಗೊತ್ತಿಲ್ಲ, ಗೊತ್ತಾದರೆ ಯಾರೂ ಬರುವುದಿಲ್ಲ. ಆದ್ದರಿಂದ ಕ್ರ್ಯಾಂಕ್ ತಿರುಗಿಸಿ ವಾಲ್ವು ಮುಚ್ಚಿಸಿ, ಟಾರ್ಚು ಬಿಟ್ಟು ನೋಡುವುದು ನಾನು, ಪುಡಿ ಹೊಡೆಯುವುದು ಅವರು. ಅವರು "ಮುಚ್ಚಿದೆಯೇನೋ?" ಎನ್ನಬೇಕು, ನಾನು "ಮುಚ್ಚಿದೆ ಭಾವ" ಎನ್ನಬೇಕು. ಆಮೇಲಷ್ಟೇ ಗನ್ನು ಒತ್ತುವುದು.

ಫಿರ್ಯಾದಿಯು ಕಾಲೇಜಿನಲ್ಲಿ ನನ್ನ ಬೆಂಚಿನವರು. ಗುರುತು ಹಿಡಿದು, "ಏನಪ್ಪಾ ಕವಿ, ಗ್ಯಾರೇಜು ನಿಂದೇನಾ?" ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಭಾವ, "ಇವನದೆಲ್ಲಿ ಬಂತು ಸ್ವಾಮಿ, ನಮ್ಮವಳ ತಮ್ಮ ಅಂತ ಇಟ್ಕೊಂಡಿದೀನಿ. ಕ್ರ್ಯಾಂಕ್ ತಿರುಗ್ಸೋಕೆ ಒಂದು ಕೈ ಬೇಕಲ್ಲ. ಊಟಕ್ಕೆ ಮಾತ್ರ ಕರೆಯೋದೇ ಬೇಡ" ಎಂದರು. ಇಬ್ಬರೂ ನಕ್ಕರು. ನಾನೂ ನಕ್ಕೆ. ದಿನಾ ಷಟರ್ ಎತ್ತುವವನು ಯಾರೆಂದು ಯಾರೂ ಕೇಳಲಿಲ್ಲ, ಹಾಗಾಗಿ ನಾನು ಹೇಳಲಿಲ್ಲ.

ಮೊದಲೆರಡು ಸಿಲಿಂಡರು ಸರಿಯಾಗಿ ಆದವು. ಮೂರನೆಯದಕ್ಕೂ ಭಾವ ಕೇಳಿದರು, ನಾನು ಹೇಳಿದೆ, ಅವರು ಹೊಡೆದರು. ಸಂಜೆ ಕಾರು ಹೋಯಿತು. ಮೇಲ್ಸೇತುವೆಯ ಮೇಲೆ ಎಂಜಿನ್ನು ಕಚ್ಚಿಕೊಂಡು ನಿಂತು, ಹಿಂದಿನಿಂದ ಲಾರಿ ಗುದ್ದಿ, ಫಿರ್ಯಾದಿಯ ಬಲಗೈ ಮುರಿಯಿತು. ಎಂಜಿನ್ನು ಬಿಚ್ಚಿಸಿದಾಗ ಮೂರನೇ ಸಿಲಿಂಡರಿನಲ್ಲಿ ಚಿಪ್ಪಿನ ಪುಡಿ ಸಿಕ್ಕಿತೆಂದು ತಾವೇ ತಿಳಿಸಿದಿರಿ.

ವಾಲ್ವು ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ನಾಲ್ಕನೆಯದನ್ನು ಹೊಡೆಯುವಾಗ ಭಾವನೇ ತಪ್ಪಿ ಮೂರನೆಯದರ ಗಾಳಿ ಕಿಂಡಿಗೆ ಗನ್ನು ಇಟ್ಟಿರಬೇಕು. ಈವರೆಗೆ ಹೇಳಿದ್ದನ್ನು ಓದಿಸಿ ಕೇಳಿದ್ದೇನೆ, ಸತ್ಯವಾಗಿದೆ. ಸ್ಥಳ: ಇದೇ ಠಾಣೆ. ದಿನಾಂಕ: ಮೊಹರಿನಲ್ಲಿರುವಂತೆ. ಸಹಿ:

ಪೆನ್ನು ಎತ್ತಿದಾಗ ಹೊರಗಿನ ಬೆಂಚಿನಿಂದ ಭಾವನ ದನಿ ಕೇಳಿಸಿತು. "ನಮ್ಮ ಬಾಮೈದ ಮುಚ್ಚಿದೆ ಅಂದ್ಮೇಲೆ ಮುಚ್ಚಿರುತ್ತೆ ಸಾರ್. ನಂಗೇ ಕಣ್ಣು ಕಾಣಲ್ಲ, ಹಂಗೇ ಬರ್ಕೊಳಿ" ಎಂದು ಹೇಳುತ್ತಿದ್ದರು.

ಪೇದೆಯವರೇ, ಸಹಿಯ ಮೇಲೆ ಇನ್ನೊಂದು ಸಾಲು ಸೇರಿಸಿಕೊಳ್ಳಿ. ಭಾವ ಕಿಂಡಿ ತಪ್ಪಲಿಲ್ಲ. ವಾಲ್ವು ತೆರೆದೇ ಇತ್ತು. ಅದನ್ನು ನೋಡಿಯೇ ಮುಚ್ಚಿದೆ ಎಂದೆ.